ತೊಟ್ಟು ನೀರನ್ನೂ ಬೇಡದ ಇಲಿ

ಇಲಿಯೆಂದೊಡನೆ ನಮ್ಮ ಪಟ್ಟಣವಾಸಿಗಳ ಕಣ್ಣಿಗೆ ಕಟ್ಟುವುದು ಅಟ್ಟದ ಮೇಲಿನ ಗಡಿಬಿಡಿ, ಕಣಜದ ಮೂಲೆಯ ತೂತು, ಕಚೇರಿಯ ದಫ್ತರದಲ್ಲಿ ಅಂಚು ಹರಿದ ಕಾಗದಗಳು. ಬೋನು, ಬೆಕ್ಕು, ಪಾಷಾಣ ಇವುಗಳ ಹೊರತು ಈ ಅಲ್ಪಪ್ರಾಣಿಯ ವಿಷಯದಲ್ಲಿ ಬೇರೆ ಯಾವ ಆಲೋಚನೆಯೂ ನಮಗೆ ಹುಟ್ಟುವುದಿಲ್ಲ. ಆದರೆ ಇಲಿಯ ಕುಲ ಬಹು ದೊಡ್ಡದು. ಮನುಷ್ಯನ ಮನೆಯ ಹೊಸ್ತಿಲನ್ನೇ ಕಾಣದೆ, ಅವನ ಒಂದು ಕಾಳನ್ನೂ ಕದಿಯದೆ, ಅವನು ಒಂದು ದಿನವೂ ಬದುಕಲಾರದ ನೆಲದಲ್ಲಿ ಲಕ್ಷಾಂತರ ವರ್ಷಗಳಿಂದ ಸಂಸಾರ ಹೂಡಿಕೊಂಡು ಬಂದ ಇಲಿಗಳೂ ಇವೆ. ಅಂಥದೊಂದರ ವೃತ್ತಾಂತವನ್ನು ಇಂದು ವಾಚಕರ ಮುಂದಿಡಲು ಬಯಸುತ್ತೇವೆ. ಇದನ್ನು ಕೇವಲ ಸೃಷ್ಟಿವೈಚಿತ್ರ್ಯದ ಕತೆಯೆಂದು ಭಾವಿಸತಕ್ಕದ್ದಲ್ಲ. ಬಾಯಾರಿಕೆಯನ್ನು ಗೆದ್ದ ಒಂದು ವಂಶದ ಅರ್ಧಪಾಲು, ಮನುಷ್ಯನ ಅಲಕ್ಷ್ಯವನ್ನು ಗೆಲ್ಲಲಾರದೆ ಕೆಲವೇ ತಲೆಮಾರುಗಳಲ್ಲಿ ಭೂಮಿಯಿಂದ ಅಳಿಸಿಹೋದ ಸಂಗತಿಯೂ ಇದರಲ್ಲಿ ಅಡಗಿದೆ.

ಆಸ್ಟ್ರೇಲಿಯ ಖಂಡದ ಮಧ್ಯಭಾಗವೆಲ್ಲ ಕೆಂಪು ಮರಳು. ಅಲ್ಲಿ ಮಳೆಗೆ ಕಾಲವೆಂಬುದಿಲ್ಲ; ಒಂದು ವರ್ಷ ಸುರಿದರೆ ಮುಂದಿನ ಹಲವು ವರ್ಷ ಮುಗಿಲಿನ ಸುಳಿವೇ ಇರುವುದಿಲ್ಲ. ಆ ಮರಳಿನ ಮೇಲೆ ಸ್ಪಿನಿಫೆಕ್ಸ್ ಎಂಬ ಒಂದು ಬಗೆಯ ಹುಲ್ಲು ಮುಳ್ಳುಹಂದಿ ಮುದುರಿ ಕುಳಿತಂತೆ ಗುಪ್ಪೆ ಗುಪ್ಪೆಯಾಗಿ ಬೆಳೆಯುತ್ತದೆ. ಅದರ ಎಲೆ ಸೂಜಿಯ ಮೊನೆಯಷ್ಟು ಚೂಪು; ದನಗಳೂ ಅದಕ್ಕೆ ಸುಲಭವಾಗಿ ಬಾಯಿ ಹಾಕುವುದಿಲ್ಲ. ಈ ಹುಲ್ಲಿನ ನಡುವೆ ನಮ್ಮ ಕಥಾನಾಯಕನ ವಾಸ. ಆಂಗ್ಲರು ಇದನ್ನು ಸ್ಪಿನಿಫೆಕ್ಸಿನ ಕುಪ್ಪಳಿಸುವ ಇಲಿಯೆಂದು ಕರೆದರು. ಅಲ್ಲಿಯ ಮೂಲನಿವಾಸಿಗಳ ಮಾತಿನಲ್ಲಿ ಇದರ ಹೆಸರು ತರ್ಕವರ. ಹೆಸರನ್ನು ನೆಲದವರ ಬಾಯಿಂದ ಕೇಳುವುದೇ ಉಚಿತವಾದ್ದರಿಂದ ನಾವೂ ಇನ್ನು ಮುಂದೆ ಹಾಗೆಯೇ ಕರೆಯುವೆವು.

ತರ್ಕವರದ ತೂಕ ಮೂರು ತೊಲ, ಎಂದರೆ ಸುಮಾರು ೩೫ ಗ್ರಾಂ. ಮೈ ನಾಲ್ಕು ಅಂಗುಲವಾದರೆ ಬಾಲ ಐದೂವರೆ ಅಂಗುಲ; ಬಾಲದ ತುದಿಯಲ್ಲಿ ಒಂದು ಕುಚ್ಚು. ಮರಳಿನದೇ ಬಣ್ಣ, ದೊಡ್ಡ ಕಿವಿ, ಇರುಳಿಗೆಂದೇ ಮಾಡಿದ ದೊಡ್ಡ ಕಣ್ಣು. ಮುಂಗಾಲು ಚಿಕ್ಕವು, ಹಿಂಗಾಲು ಮೈಗೆ ಮೀರಿದ ಉದ್ದ. ನಿಧಾನವಾಗಿ ನಡೆವಾಗ ನಾಲ್ಕು ಕಾಲನ್ನೂ ಊರುತ್ತದೆ. ಬೆದರಿ ಓಡುವಾಗ ಹಿಂಗಾಲೆರಡರಿಂದಲೇ ಕುಪ್ಪಳಿಸುತ್ತ, ಬಾಲವನ್ನು ಹಿಂದೆ ಚಾಚಿ ಸಮತೂಕ ಹಿಡಿಯುತ್ತದೆ. ಅಂಗೈಯಲ್ಲಿ ಹಿಡಿಯಬಹುದಾದ ಒಂದು ಕಾಂಗರೂ ಎಂದರೆ ತಪ್ಪಾಗದು. ಆದರೆ ಹೋಲಿಕೆ ನೋಟಕ್ಕೆ ಮಾತ್ರ. ಕಾಂಗರೂವಿನಂತೆ ಇದು ಹೊಟ್ಟೆಯ ಚೀಲದಲ್ಲಿ ಮರಿಯನ್ನು ಸಾಕುವ ಜಾತಿಯದಲ್ಲ. ಅಪ್ಪಟ ಇಲಿ, ಕೆಲವು ದಶಲಕ್ಷ ವರ್ಷಗಳ ಹಿಂದೆ ಏಷ್ಯದ ಕಡೆಯಿಂದ ಆ ಖಂಡಕ್ಕೆ ಹೋಗಿ ಸೇರಿದ ಇಲಿಗಳ ಸಂತತಿ. ಸಹಾರದಲ್ಲಿ, ಗೋಬಿಯಲ್ಲಿ, ಅಮೆರಿಕದ ಮರುಭೂಮಿಗಳಲ್ಲಿ ಇದೇ ಆಕಾರದ ಕುಪ್ಪಳಿಸುವ ಪ್ರಾಣಿಗಳಿದ್ದರೂ ಅವು ಬೇರೆ ಬೇರೆ ವಂಶದವು. ಮರಳು ಎಲ್ಲೆಡೆಯೂ ಒಂದೇ ಪಾಠ ಕಲಿಸಿದೆಯೆಂದು ಕಾಣುತ್ತದೆ. ೧೮೩೬ರಲ್ಲಿ ಮೇಜರ್ ಮಿಚೆಲ್ ಎಂಬ ಅನ್ವೇಷಕನು ಮರ‍್ರೆ ನದಿಯ ಸೀಮೆಯಲ್ಲಿ ಈ ಗುಂಪಿನ ಒಂದು ಇಲಿಯನ್ನು ಹಿಡಿದಾಗ, ಲಂಡನ್ನಿನ ಪಂಡಿತರು ಅದನ್ನು ಸಹಾರದ ಜೆರ್ಬೋವಾದ ಬಂಧುವೆಂದೇ ತಿಳಿದು ೧೮೩೮ರಲ್ಲಿ ಆ ಕುಲಕ್ಕೆ ಸೇರಿಸಿಬಿಟ್ಟರು. ಈಗ ಇವುಗಳ ಕುಲನಾಮ ನೊಟೋಮಿಸ್, ಎಂದರೆ ದಕ್ಷಿಣದ ಇಲಿ.

ಇದರ ಜೀವನದಲ್ಲಿ ಅತ್ಯಂತ ವಿಸ್ಮಯದ ಭಾಗ ನೀರಿನ ಜಮಾಖರ್ಚು. ಒಣ ಬೀಜಗಳನ್ನಷ್ಟೇ ತಿಂದು, ಒಂದು ತೊಟ್ಟು ನೀರನ್ನೂ ಕುಡಿಯದೆ ಈ ಇಲಿ ಬದುಕಬಲ್ಲದು. ನೀರು ಸಿಕ್ಕರೆ ಕುಡಿಯುವುದಿಲ್ಲವೆಂದಲ್ಲ. ಹಸುರೆಲೆ, ಬೇರು, ಹುಳುಹುಪ್ಪಟೆ ದೊರೆತರೆ ಅದನ್ನೂ ಬಿಡುವುದಿಲ್ಲ. ಆದರೆ ಇವೊಂದೂ ಇಲ್ಲದ ತಿಂಗಳುಗಳಲ್ಲಿ ಬೀಜವೇ ಅನ್ನ, ಬೀಜವೇ ಬಾವಿ. ಒಣ ಕಾಳಿನೊಳಗೆ ನೀರೆಲ್ಲಿಂದ ಬಂತೆಂದು ವಾಚಕರು ಕೇಳಬಹುದು. ಪಿಷ್ಟವಾಗಲಿ ಕೊಬ್ಬಾಗಲಿ ದೇಹದಲ್ಲಿ ಉಸಿರಿನ ಆಮ್ಲಜನಕದೊಡನೆ ಕೂಡಿ ದಹಿಸಿದಾಗ ಶಕ್ತಿಯೊಂದಿಗೆ ನೀರೂ ಹುಟ್ಟುತ್ತದೆ. ಒಂದು ತೊಲ ಪಿಷ್ಟದಿಂದ ಅರ್ಧ ತೊಲಕ್ಕಿಂತ ತುಸು ಹೆಚ್ಚು, ಒಂದು ತೊಲ ಕೊಬ್ಬಿನಿಂದ ಹೆಚ್ಚುಕಡಿಮೆ ಒಂದು ತೊಲ. ಈ ಜಮೆ ನಮ್ಮ ನಿಮ್ಮ ದೇಹದಲ್ಲಿಯೂ ಪ್ರತಿದಿನ ಆಗುತ್ತಲೇ ಇದೆ. ನಮ್ಮ ಖರ್ಚು ಅದಕ್ಕೆ ಹಲವು ಪಟ್ಟಾದ್ದರಿಂದ ನಮಗೆ ಅದು ಲೆಕ್ಕಕ್ಕೇ ಬರುವುದಿಲ್ಲ. ತರ್ಕವರದ ಹೆಚ್ಚಳವಿರುವುದು ಜಮೆಯಲ್ಲಲ್ಲ, ಖರ್ಚಿನ ಬಿಗಿಯಲ್ಲಿ.

ಮೊದಲನೆಯದಾಗಿ, ಅದಕ್ಕೆ ಬೆವರೆಂಬುದೇ ಇಲ್ಲ. ಹಿಕ್ಕೆ ಒಣಗಿದ ಕಾಳಿನಂತಿರುತ್ತದೆ. ಹೊರಬಿಡುವ ಉಸಿರು ಮೂಗಿನ ಸಣ್ಣ ಹಾದಿಯಲ್ಲಿ ತಣ್ಣಗಾಗಿ, ತನ್ನ ತೇವದ ಒಂದು ಭಾಗವನ್ನು ಅಲ್ಲಿಯೇ ಒಪ್ಪಿಸಿ ಹೋಗುತ್ತದೆ. ಇವೆಲ್ಲಕ್ಕೂ ಮಿಗಿಲಾದದ್ದು ಅದರ ಮೂತ್ರಪಿಂಡದ ಕೆಲಸ. ದೇಹದ ಕಶ್ಮಲವನ್ನು ಹೊರಹಾಕಲು ಎಷ್ಟಾದರೂ ನೀರು ಬೇಕಷ್ಟೆ? ಆ ನೀರು ಎಷ್ಟು ಕಡಮೆಯಿದ್ದರೆ ಮೂತ್ರ ಅಷ್ಟು ಗಟ್ಟಿ. ವಿಜ್ಞಾನಿಗಳು ಇದನ್ನು ಮಿಲಿಆಸ್ಮೋಲ್ ಎಂಬ ಮಾನದಿಂದ ಅಳೆಯುತ್ತಾರೆ. ಸಮುದ್ರದ ನೀರಿನದು ೧,೦೦೦ದ ಸುಮಾರು. ಮನುಷ್ಯನ ಮೂತ್ರಪಿಂಡ ಎಷ್ಟು ಹೆಣಗಿದರೂ ೧,೨೦೦ರ ಆಚೆಗೆ ಹೋಗುವುದು ಕಷ್ಟ. ಹಡಗೊಡೆದು ಕಡಲಿನಲ್ಲಿ ಸಿಕ್ಕಿಬಿದ್ದವನು ಉಪ್ಪುನೀರು ಕುಡಿದಷ್ಟೂ ಬಾಯಾರಿ ಸಾಯುವುದು ಇದರಿಂದಲೇ. ಮರುಭೂಮಿಯ ಹಡಗೆಂದು ಹೆಸರಾದ ಒಂಟೆಯೂ ಮೂರು ಸಾವಿರದ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ಮ್ಯಾಕ್‌ಮಿಲೆನ್ ಮತ್ತು ಲೀ ಎಂಬ ಇಬ್ಬರು ಪ್ರಾಣಿಶಾಸ್ತ್ರಜ್ಞರು ತರ್ಕವರವನ್ನು ನೀರಿಲ್ಲದೆ ಒಣ ಬೀಜದ ಮೇಲಿಟ್ಟು ಪರೀಕ್ಷಿಸಿ, ೧೯೬೭ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅವರು ಕಂಡ ಅತ್ಯಧಿಕ ಸಂಖ್ಯೆ ೯,೩೭೦. ಅಲ್ಲಿಯವರೆಗೆ ಯಾವ ಸಸ್ತನಿಯಲ್ಲಿಯೂ ಇಷ್ಟು ಗಟ್ಟಿಯಾದ ಮೂತ್ರವನ್ನು ಯಾರೂ ಅಳೆದಿರಲಿಲ್ಲ. ಮೂರು ತೊಲದ ಈ ಪ್ರಾಣಿ ಮನುಷ್ಯನಿಗಿಂತ ಏಳೆಂಟು ಪಟ್ಟು ಮಿತವ್ಯಯಿಯೆಂಬುದು ಹೀಗೆ ಅಂಕಿಅಂಶಗಳಿಂದಲೇ ಸಿದ್ಧವಾಯಿತು.

ದೇಹದ ಈ ಬಿಗಿಗೆ ಮನೆಯ ಬಿಗಿಯೂ ಜೊತೆಗೂಡಿದೆ. ಬೇಸಿಗೆಯ ನಡುಹಗಲು ಬರಿಗಾಲಿಡಲಾಗದಷ್ಟು ಕಾಯುವ ಮರಳು, ಒಂದು ಗಜ ಆಳದಲ್ಲಿ ತಂಪಾಗಿಯೂ ತುಸು ತೇವವಾಗಿಯೂ ಇರುತ್ತದೆ. ತರ್ಕವರ ಅಷ್ಟು ಆಳಕ್ಕೆ ಬಿಲ ತೋಡಿ, ಒಳಗೆ ಒಂದು ಕೋಣೆ ಮಾಡಿ, ಹುಲ್ಲುಹಾಸಿ, ಹಗಲೆಲ್ಲ ಅಲ್ಲಿಯೇ ಕಳೆಯುತ್ತದೆ. ಒಂದೊಂದು ಬಿಲದಲ್ಲಿ ಎಂಟು ಹತ್ತು ಇಲಿಗಳು ಒಂದಕ್ಕೊಂದು ಒತ್ತಿಕೊಂಡು ಮಲಗುವುದುಂಟು. ಅವುಗಳ ಉಸಿರಿನ ತೇವ ಕೋಣೆಯಲ್ಲಿಯೇ ನಿಲ್ಲುತ್ತದೆ. ಬಿಲದಿಂದ ಮೇಲಕ್ಕೆ ಬರುವ ಬಾಗಿಲುಗಳು ಬಾವಿಯಂತೆ ನೆಟ್ಟಗಿರುತ್ತವೆ. ಅವನ್ನು ಒಳಗಿನಿಂದಲೇ ಮೇಲಕ್ಕೆ ಕೊರೆಯುವುದರಿಂದ ಬಾಯಿಯ ಸುತ್ತ ತೋಡಿದ ಮಣ್ಣಿನ ಗುಪ್ಪೆಯೇ ಕಾಣದು. ಹೊಲದಲ್ಲಿ ಇಲಿಯ ಬಿಲವನ್ನು ಮಣ್ಣಿನ ಗುಡ್ಡೆಯಿಂದಲೇ ಗುರುತಿಸುವ ನಮ್ಮ ರೈತನು ಇಲ್ಲಿ ಮೋಸಹೋಗುವುದು ಖಂಡಿತ.

ಮಳೆ ಬಂದಿತೆಂದರೆ ಈ ಜಿಪುಣ ಜೀವನವೆಲ್ಲ ಒಮ್ಮೆಲೆ ಮಗುಚಿಬೀಳುತ್ತದೆ. ಹುಲ್ಲು ತೆನೆಗಟ್ಟಿ ಬೀಜ ಉದುರಿಸುತ್ತದೆ. ತರ್ಕವರಕ್ಕೆ ಹೆರುವ ಋತುವೆಂಬ ಕಟ್ಟಿಲ್ಲ. ಕಾಳು ಕಂಡ ಕಾಲವೇ ಋತು. ಗರ್ಭ ಸುಮಾರು ೩೨ ದಿನ, ಒಂದು ಸಲಕ್ಕೆ ಮೂರು ನಾಲ್ಕು ಮರಿ. ಆ ಮರಿಗಳು ಎರಡು ಮೂರು ತಿಂಗಳಲ್ಲಿ ತಾವೇ ಹೆರಲು ಸಿದ್ಧ. ವರ್ಷಗಟ್ಟಲೆ ಹುಡುಕಿದರೂ ಒಂದೆರಡು ಸಿಕ್ಕದಿದ್ದ ದಿಬ್ಬದ ಮೇಲೆ ರಾತ್ರಿಯೆಲ್ಲ ಇಲಿಗಳದೇ ಕುಪ್ಪಳಿಕೆ. ಬಳಿಕ ಬೀಜ ತೀರುತ್ತದೆ, ಗೂಬೆ ಹಾವು ಉಡಗಳು ಕೊಬ್ಬುತ್ತವೆ, ಇಲಿಗಳು ಮತ್ತೆ ಅಲ್ಲೊಂದು ಇಲ್ಲೊಂದಾಗಿ ಅಡಗುತ್ತವೆ. ಸಿಡ್ನಿ ವಿಶ್ವವಿದ್ಯಾಲಯದ ಕ್ರಿಸ್ ಡಿಕ್‌ಮನ್ ಅವರು ೧೯೯೦ರಿಂದ ಸಿಂಪ್ಸನ್ ಮರುಭೂಮಿಯಲ್ಲಿ ಈ ಏರಿಳಿತವನ್ನು ಎಡೆಬಿಡದೆ ಲೆಕ್ಕವಿಟ್ಟಿರುವರು. ಹತ್ತು ಸಂವತ್ಸರಗಳ ನಡುವೆ ಒಂದು ಸುಭಿಕ್ಷ ಬಂದರೂ ಸಾಕು, ವಂಶ ಉಳಿಯುತ್ತದೆ. ಆದರೆ ಇಳಿತದ ಕಾಲದಲ್ಲಿ ಅಳಿದುಳಿದ ಕೆಲವನ್ನು ಯಾರೂ ಮುಗಿಸಬಾರದು. ಮುಂದೆ ನಡೆದ ಅನಾಹುತಕ್ಕೆಲ್ಲ ಇದೇ ಕೀಲಕ.

ಕುಪ್ಪಳಿಸುವ ಇಲಿಗಳಲ್ಲಿ ವಿಜ್ಞಾನಿಗಳು ಗುರುತಿಸಿದ ಜಾತಿಗಳು ಹತ್ತು. ಈಗ ಜೀವಂತವಾಗಿರುವುದು ಐದು. ಉಳಿದ ಐದರ ಕತೆಯನ್ನು ಓದುವಾಗ ದಫ್ತರದಲ್ಲಿ ಕೆಲಸಮಾಡುವವರಿಗೆ ಒಂದು ವಿಚಿತ್ರ ಸಂಗತಿ ಕಣ್ಣಿಗೆ ಬೀಳದಿರದು. ದೊಡ್ಡ ಕಿವಿಯ ಜಾತಿ ೧೮೪೩ರ ಬಳಿಕ ಯಾರ ಕೈಗೂ ಸಿಕ್ಕಿಲ್ಲ. ಅದಕ್ಕೆ ಶಾಸ್ತ್ರೀಯವಾದ ಹೆಸರು ಬಂದದ್ದು ೧೯೨೧ರಲ್ಲಿ. ಕ್ವೀನ್ಸ್‌ಲೆಂಡಿನ ಡಾರ್ಲಿಂಗ್ ಡೌನ್ಸ್ ಎಂಬಲ್ಲಿಯ ಜಾತಿಯಿಂದ ಜಗತ್ತಿಗೆ ಉಳಿದಿರುವುದು ೧೮೪೦ರ ದಶಕದ ಒಂದೇ ಒಂದು ತಲೆಬುರುಡೆ; ಹೆಸರಿಟ್ಟದ್ದು ೧೯೨೨. ಗಿಡ್ಡ ಬಾಲದ ಜಾತಿಯ ಎರಡು ಇಲಿಗಳನ್ನು ಶಾರ್ಲಟ್ ವಾಟರ್ಸ್ ಎಂಬ ತಂತಿ ಠಾಣೆಯ ಬಳಿ ೧೮೯೬ರಲ್ಲಿ ಹಿಡಿದರು, ಮುಂದೆ ಅದು ಕಾಣಲೇ ಇಲ್ಲ, ನಾಮಕರಣ ೧೯೩೬. ಇನ್ನೊಂದು ದೊಡ್ಡ ಜಾತಿಯನ್ನಂತೂ ಯಾವ ವಿಜ್ಞಾನಿಯೂ ಜೀವಸಹಿತ ಕಂಡದ್ದಿಲ್ಲ. ಗುಹೆಗಳಲ್ಲಿ ಗೂಬೆಗಳು ಕಾರಿದ ಉಂಡೆಗಳೊಳಗಿನ ಎಲುಬಿನಿಂದ ಅದನ್ನು ಗುರುತಿಸಿ, ೨೦೦೮ರಲ್ಲಿ ಪಟ್ಟಿಗೆ ಸೇರಿಸಿದರು. ಉದ್ದ ಬಾಲದ ಜಾತಿಯೊಂದಕ್ಕೆ ಮಾತ್ರ ಬದುಕಿದ್ದಾಗಲೇ, ೧೮೪೪ರಲ್ಲಿ, ಹೆಸರಿನ ಭಾಗ್ಯ ದೊರೆಯಿತು. ಅದೂ ೧೯೦೧ರ ಸುಮಾರಿಗೆ ಕಣ್ಮರೆಯಾಯಿತು. ಐದರಲ್ಲಿ ನಾಲ್ಕಕ್ಕೆ ಜನನದ ದಾಖಲೆಯನ್ನು ಬರೆದದ್ದು ಮರಣದ ಬಳಿಕ! ನಮ್ಮ ತರ್ಕವರಕ್ಕೂ ೧೯೨೨ರಲ್ಲಿ ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿ ಕುಳಿತು ಆಲ್ಡ್‌ಫೀಲ್ಡ್ ಥಾಮಸನು ನಾಮಕರಣ ಮಾಡಿದನು. ಆ ಇಲಿ ಸಿಕ್ಕಿದ್ದು ಅಲೆಕ್ಸಾಂಡ್ರಿಯಾ ಎಂಬ ದನಗಾವಲಿನಲ್ಲಾದ್ದರಿಂದ ಹೆಸರು ನೊಟೋಮಿಸ್ ಅಲೆಕ್ಸಿಸ್ ಎಂದಾಯಿತು. ಅದೃಷ್ಟವಶಾತ್ ಇದು ಇನ್ನೂ ವ್ಯಾಪಕವಾಗಿಯೇ ಬದುಕಿದೆ.

ಬಲಹೀನವಾದ ಜಾತಿಗಳು ತಾವಾಗಿಯೇ ಅಳಿಯುವುವು, ಇದರಲ್ಲಿ ಯಾರ ತಪ್ಪೂ ಇಲ್ಲವೆಂಬ ವಾದವೊಂದು ಬಹುಕಾಲದಿಂದ ಚಾಲ್ತಿಯಲ್ಲಿದೆ. ಈ ವಾದ ಇಲಿಗಳ ವಿಷಯಕ್ಕೆ ಮಾತ್ರ ಬಳಕೆಯಾದದ್ದಲ್ಲವೆಂಬುದನ್ನು ನಮ್ಮ ವಾಚಕರಿಗೆ ಹೇಳಬೇಕಾದುದಿಲ್ಲ. ೨೦೨೧ರಲ್ಲಿ ಎಮಿಲಿ ರಾಯ್‌ಕ್ರಾಫ್ಟ್ ಮತ್ತು ಅವರ ಸಹೋದ್ಯೋಗಿಗಳು ವಸ್ತುಸಂಗ್ರಹಾಲಯಗಳಲ್ಲಿದ್ದ ಹಳೆಯ ಚರ್ಮ ಎಲುಬುಗಳಿಂದ ವಂಶವಾಹಿಗಳನ್ನು ತೆಗೆದು, ಆಸ್ಟ್ರೇಲಿಯದ ಅಳಿದ ಎಂಟು ಇಲಿಜಾತಿಗಳನ್ನು ಬದುಕಿರುವ ೪೨ ಬಂಧುಜಾತಿಗಳೊಡನೆ ಹೋಲಿಸಿ ನೋಡಿದರು. ಒಂದು ಜಾತಿ ದೀರ್ಘಕಾಲ ಕ್ಷೀಣಿಸುತ್ತ ಬಂದಿದ್ದರೆ ಅದರ ವಂಶವಾಹಿಗಳಲ್ಲಿ ವೈವಿಧ್ಯ ಕುಗ್ಗಿರಬೇಕು. ಆದರೆ ಅಳಿದ ಜಾತಿಗಳಲ್ಲಿ ಅಂಥ ಕುಗ್ಗುವಿಕೆ ಕಂಡುಬರಲಿಲ್ಲ. ಐರೋಪ್ಯರು ಬಂದಿಳಿಯುವ ತನಕ ಅವು ಸಂಖ್ಯೆಯಲ್ಲಿ ತುಂಬಿತುಳುಕುತ್ತಿದ್ದವು. ಬಳಿಕ ಥಟ್ಟನೆ ಇಲ್ಲವಾದವು. ಇವು ಬಲಹೀನವಾಗಿ ಸತ್ತವಲ್ಲ.

ಹಾಗಾದರೆ ಕೊಂದವರಾರು? ೧೭೮೮ರಲ್ಲಿ ಆ ತೀರಕ್ಕೆ ಬಂದ ಮೊದಲ ಬ್ರಿಟಿಷ್ ಹಡಗುಗಳೊಡನೆ ಬೆಕ್ಕುಗಳೂ ಬಂದವು. ೧೮೫೯ರಲ್ಲಿ ಥಾಮಸ್ ಆಸ್ಟಿನ್ ಎಂಬ ಜಮೀನುದಾರನು ಬೇಟೆಯ ವಿನೋದಕ್ಕಾಗಿ ಕೆಲವು ಮೊಲಗಳನ್ನು ಬಿಟ್ಟನು. ೧೮೭೦ರ ದಶಕದ ಹೊತ್ತಿಗೆ ಅದೇ ವಿನೋದಕ್ಕೆಂದು ನರಿಗಳೂ ಬಂದು ನೆಲೆಗೊಂಡಿದ್ದವು. ಮೊಲ ಹುಲ್ಲನ್ನು ಬೇರುಸಹಿತ ತಿಂದು ನೆಲವನ್ನು ಬೋಳುಮಾಡಿತು. ದನ ಕುರಿಗಳು ಉಳಿದದ್ದನ್ನು ತುಳಿದವು. ಮರೆಯಿಲ್ಲದ ನೆಲದಲ್ಲಿ ಇಲಿ ಹೊರಬಂದರೆ ಬೆಕ್ಕಿಗೆ ಹಬ್ಬ. ೨೦೧೭ರಲ್ಲಿ ಪ್ರಕಟವಾದ ಒಂದು ಗಣನೆಯ ಪ್ರಕಾರ ಕಾಡುಪಾಲಾದ ಬೆಕ್ಕುಗಳು ಆ ಖಂಡದ ನೂರಕ್ಕೆ ೯೯.೮ ಪಾಲು ನೆಲದಲ್ಲಿ ಹರಡಿವೆ. ಬರಗಾಲದಲ್ಲಿ ೨೧ ಲಕ್ಷ, ಒಳ್ಳೆಯ ಮಳೆಯ ವರ್ಷಗಳಲ್ಲಿ ೬೩ ಲಕ್ಷ. ಇದರಲ್ಲಿ ಒಂದು ಕ್ರೂರವಾದ ಕೌತುಕವಿದೆ. ಮರುಭೂಮಿಯ ಬೆಕ್ಕಿಗೂ ಕುಡಿಯುವ ನೀರು ಬೇಕಿಲ್ಲ, ಬೇಟೆಯ ರಕ್ತಮಾಂಸಗಳ ತೇವವೇ ಸಾಕು. ಇಲಿ ಹನಿಹನಿಯಾಗಿ ಕೂಡಿಟ್ಟ ನೀರಿನಿಂದಲೇ ಬೆಕ್ಕು ಆ ನೆಲದಲ್ಲಿ ನೆಲೆಯೂರಿತು. ಮೊಲಗಳ ಸಮೃದ್ಧಿಯಿಂದ ಕೊಬ್ಬಿದ ಬೆಕ್ಕು ನರಿಗಳು, ಇಲಿಗಳ ಇಳಿತದ ಕಾಲದಲ್ಲಿಯೂ ಸಂಖ್ಯೆ ಕುಗ್ಗದೆ ಉಳಿದು, ಬೀಜಕ್ಕೆಂದಿದ್ದ ಕೊನೆಯ ಕೆಲವನ್ನೂ ಮುಗಿಸಿದವು.

ಮೂಲನಿವಾಸಿಗಳ ವಿಚಾರವನ್ನೂ ಇಲ್ಲಿ ಬಿಡುವಂತಿಲ್ಲ. ಅವರು ಸಾವಿರಾರು ವರ್ಷಗಳಿಂದ ಸ್ಪಿನಿಫೆಕ್ಸ್ ಹುಲ್ಲಿಗೆ ತುಂಡುತುಂಡಾಗಿ, ಬೇರೆ ಬೇರೆ ಕಾಲದಲ್ಲಿ ಬೆಂಕಿಯಿಟ್ಟು, ಹಳೆಯ ಹುಲ್ಲು ಹೊಸ ಹುಲ್ಲು ಪಕ್ಕಪಕ್ಕದಲ್ಲಿರುವಂತೆ ನೋಡಿಕೊಂಡಿದ್ದರು. ಅವರು ಸರ್ಕಾರದ ಠಾಣೆಗಳಿಗೂ ಪಾದ್ರಿಗಳ ಆಶ್ರಮಗಳಿಗೂ ಸೇರಿಹೋದ ಮೇಲೆ ಆ ನೆಲದಲ್ಲಿ ಹುಲ್ಲು ಎಡೆಬಿಡದೆ ಬೆಳೆದು, ಸಿಡಿಲಿನ ಒಂದು ಕಿಡಿಗೆ ನೂರಾರು ಮೈಲಿ ಉರಿದು, ಇಲಿಗೆ ಮರೆಯೂ ಕಾಳೂ ಇಲ್ಲದಂತಾಯಿತು. ೧೯೮೦ರ ದಶಕದಲ್ಲಿ ಆಂಡ್ರೂ ಬರ್ಬಿಜ್ ಮತ್ತು ಸಂಗಡಿಗರು ವಸ್ತುಸಂಗ್ರಹಾಲಯದ ಪ್ರಾಣಿಚರ್ಮಗಳನ್ನು ಹೊತ್ತು ಮರುಭೂಮಿಯ ಊರೂರಿಗೆ ಹೋಗಿ ಮುದುಕರ ಮುಂದಿಟ್ಟರು. ಮುದುಕರು ಒಂದೊಂದನ್ನೂ ಗುರುತಿಸಿ, ಹೆಸರು ಹೇಳಿ, ಎಲ್ಲಿ ಎಂದು ಕಂಡಿದ್ದೆವೆಂಬುದನ್ನು ತಿಳಿಸಿದರು. ಶತಮಾನದ ಆದಿಯಲ್ಲಿಯೇ ಅಳಿದವೆಂದು ಪುಸ್ತಕಗಳು ಬರೆದಿದ್ದ ಕೆಲವು ಪ್ರಾಣಿಗಳು ಅದೇ ಶತಮಾನದ ನಡುಗಾಲದವರೆಗೂ ಬದುಕಿದ್ದವೆಂಬುದು ಹೊರಬಿದ್ದದ್ದು ಆಗಲೇ. ಮೊದಲೇ ಕೇಳಿದ್ದರೆ ಹೇಳುತ್ತಿದ್ದರು.

ಈ ಇಲಿಗಳ ಹಣೆಬರಹ ಈಗ ಎಂಥೆಂಥ ದೂರದ ಸಂಗತಿಗಳಿಗೆ ಕಟ್ಟುಬಿದ್ದಿದೆಯೆಂಬುದು ಆಡಳಿತಗಾರರು ಗಮನಿಸಬೇಕಾದ ವಿಷಯ. ಕುರಿಗಳನ್ನು ಡಿಂಗೋ ಎಂಬ ಕಾಡುನಾಯಿಗಳಿಂದ ಕಾಪಾಡಲು ಆಸ್ಟ್ರೇಲಿಯದಲ್ಲಿ ಸುಮಾರು ೫,೬೦೦ ಕಿಲೋಮೀಟರ್ ಉದ್ದದ ತಂತಿಬೇಲಿಯಿದೆ. ಮೈಕ್ ಲೆಟ್ನಿಕ್ ಮೊದಲಾದ ಸಂಶೋಧಕರು ಬೇಲಿಯ ಎರಡು ಮಗ್ಗುಲಲ್ಲಿಯೂ ತರ್ಕವರದ ಬಂಧುವಾದ ಕಂದು ಕುಪ್ಪಳಿಲಿಯನ್ನು ಎಣಿಸಿದರು. ಡಿಂಗೋ ಇದ್ದ ಕಡೆಯಲ್ಲಿ ಇಲಿ ಹೆಚ್ಚು! ಡಿಂಗೋ ನರಿಗಳನ್ನು ಹತ್ತಿಕ್ಕುತ್ತದೆ. ನರಿ ಕುಗ್ಗಿದೆಡೆ ಇಲಿ ಉಳಿಯುತ್ತದೆ. ಕುರಿಗೆ ಶತ್ರುವಾದದ್ದು ಇಲಿಗೆ ಕಾವಲುಗಾರ. ೧೯೯೫ರಲ್ಲಿ ನಡೆದದ್ದು ಇನ್ನೂ ಸೋಜಿಗ. ಮೊಲಗಳ ನಿರ್ಮೂಲನಕ್ಕೆಂದು ವಾರ್ಡಾಂಗ್ ದ್ವೀಪದಲ್ಲಿ ಪರೀಕ್ಷಿಸುತ್ತಿದ್ದ ಒಂದು ವಿಷಾಣು, ಯಾರ ಅಪ್ಪಣೆಗೂ ಕಾಯದೆ ತಪ್ಪಿಸಿಕೊಂಡು ಒಳನಾಡಿಗೆ ಹರಡಿತು. ಒಣಸೀಮೆಯ ಮೊಲಗಳು ರಾಶಿರಾಶಿಯಾಗಿ ಸತ್ತವು, ಹುಲ್ಲು ಚಿಗುರಿತು, ಮೊಲವನ್ನೇ ನಂಬಿದ್ದ ಬೆಕ್ಕು ನರಿಗಳು ಹಸಿದವು. ಆ ಬಳಿಕ ಇದೇ ಕಂದು ಕುಪ್ಪಳಿಲಿ ದಕ್ಷಿಣ ಆಸ್ಟ್ರೇಲಿಯದಲ್ಲಿ ತಾನು ಬಿಟ್ಟುಹೋಗಿದ್ದ ನೆಲವನ್ನು ಮತ್ತೆ ಹಿಡಿದು, ವ್ಯಾಪ್ತಿಯನ್ನು ಹಲವು ಪಟ್ಟು ಹೆಚ್ಚಿಸಿಕೊಂಡಿತೆಂದು ೨೦೧೬ರಲ್ಲಿ ರೀಸ್ ಪೆಡ್ಲರ್ ಮತ್ತಿತರರು ವರದಿ ಮಾಡಿರುವರು. ಇಲಿಗೆಂದು ಕವಡೆಯನ್ನೂ ಖರ್ಚುಮಾಡದೆ ಆದ ಉಪಕಾರವಿದು.

ಉದ್ದೇಶಪೂರ್ವಕವಾದ ಪ್ರಯತ್ನಗಳೂ ಇಲ್ಲದಿಲ್ಲ. ರಾಕ್ಸ್‌ಬಿ ಡೌನ್ಸ್ ಎಂಬ ಗಣಿಯ ಊರಿನ ಬಳಿ ೧೯೯೭ರಲ್ಲಿ ಆರಂಭವಾದ ಅರಿಡ್ ರಿಕವರಿ ಎಂಬ ಆಶ್ರಯಧಾಮದಲ್ಲಿ ೧೨೩ ಚದರ ಕಿಲೋಮೀಟರ್ ನೆಲಕ್ಕೆ ಬೆಕ್ಕು, ನರಿ, ಮೊಲ ದಾಟಲಾಗದ ಬೇಲಿ ಹಾಕಿದ್ದಾರೆ. ಇಲಿಗಳನ್ನು ಯಾರೂ ತಂದು ಬಿಡಲಿಲ್ಲ, ಮೊದಲೇ ಅಲ್ಲಿದ್ದವು. ಶತ್ರುಗಳು ಹೋದ ಕೆಲವು ವರ್ಷಗಳಲ್ಲಿ ಬೇಲಿಯ ಹೊರಗಿನದಕ್ಕಿಂತ ಒಳಗಿನ ಇಲಿಗಳ ಸಂಖ್ಯೆ ೧೫ ಪಟ್ಟಾಯಿತು. ಅವುಗಳಲ್ಲಿ ತರ್ಕವರವೂ ಒಂದು. ಆದರೆ ಇಡೀ ಮರುಭೂಮಿಗೆ ಬೇಲಿ ಹಾಕುವುದು ಯಾವ ಬೊಕ್ಕಸಕ್ಕೂ ಸಾಧ್ಯವಲ್ಲ.

ಪಶ್ಚಿಮ ಆಸ್ಟ್ರೇಲಿಯದ ಕಿವಿರ್ಕುರ ಎಂಬ ಒಂಟಿ ಊರಿನಲ್ಲಿ ಬೇಲಿಯಿಲ್ಲ. ಅಲ್ಲಿಯ ಪಿಂಟುಪಿ ಜನರು ಬೆಳಗಿನ ಮರಳಿನಲ್ಲಿ ಬೆಕ್ಕಿನ ಹೆಜ್ಜೆ ಹಿಡಿದು, ಅದು ದಣಿದು ನಿಲ್ಲುವ ತನಕ ಬೆಂಬತ್ತಿ ಕೊಂದು, ಸುಟ್ಟು ತಿನ್ನುತ್ತಾರೆ. ಅವರಲ್ಲಿ ಕೆಲವರು ಐರೋಪ್ಯರ ಮುಖವನ್ನೇ ನೋಡದೆ ೧೯೮೪ರವರೆಗೂ ಮರುಭೂಮಿಯಲ್ಲಿ ಹಳೆಯ ಕ್ರಮದಲ್ಲಿಯೇ ಬಾಳಿದವರು. ಈಗ ಅವರ ಮಕ್ಕಳು ಸಂಬಳದ ವನಪಾಲಕರಾಗಿ ಅದೇ ಕೆಲಸವನ್ನು ಮಾಡುತ್ತಿದ್ದಾರೆ. ಹುಲ್ಲಿಗೆ ಮತ್ತೆ ತುಂಡುತುಂಡಾಗಿ ಬೆಂಕಿಯಿಡುವುದೂ ಆರಂಭವಾಗಿದೆ.